ಕಾಂಡಕೊರಕ ಹಿಡಿದ ಗಿಡ ಹುಡುಕುವ ತರಬೇತಿ: ಯಾವ ಕಲಿಕಾ ಸಿದ್ಧಾಂತ ಹಿಡಿದು ಪಾಠ ಕಟ್ಟಬೇಕು?

ಪ್ರಶ್ನೆ: ಅರೇಬಿಕಾ_ಸಾಲು

ಕೊಡಗಿನ ಮಾದಾಪುರ ಕಡೆಯ ಅರೇಬಿಕಾ ಕಾಫಿ ತೋಟವೊಂದರ ಕೆಲಸಗಾರರಿಗೆ ಬಿಳಿ ಕಾಂಡಕೊರಕ (ಕಾಂಡದೊಳಗೆ ಸುರಂಗ ಕೊರೆಯುವ ದುಂಬಿಯ ಹುಳು) ಹಿಡಿದ ಗಿಡ ಹುಡುಕುವ ತರಬೇತಿಯನ್ನು ಹೊಸದಾಗಿ ಕಟ್ಟಬೇಕಾಗಿದೆ. ಜನ 22, ಮೇಸ್ತ್ರಿಗಳು 2. ಪೂರ್ತಿಯಾಗಿ ಸಿಗುವುದು ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದು ದಿನ. ಆಮೇಲೆ ಬೆಳಿಗ್ಗೆ ಹಾಜರಿ ಹೊತ್ತಿಗೆ ಹತ್ತು ನಿಮಿಷ ಬಳಸಿಕೊಳ್ಳಬಹುದು.

ಈಗಿರುವ ಪಾಠದಲ್ಲಿ ಒಂದೂವರೆ ಗಂಟೆಯ ಸ್ಲೈಡ್‌ಗಳಿವೆ: ದುಂಬಿಯ ಜೀವನಚಕ್ರ, ಮೊಟ್ಟೆ, ಹುಳು, ಕೋಶ, ಹಾರಾಟದ ತಿಂಗಳು, ಹಾನಿಯ ಲಕ್ಷಣ, ಸುಣ್ಣ ಬಳಿಯುವುದು, ಮೋಹಕ ಬಲೆ (ವಾಸನೆಯಿಂದ ದುಂಬಿಯನ್ನು ಸೆಳೆದು ಹಿಡಿಯುವುದು). ನಂತರ ಒಂದು ವಿಡಿಯೋ, ಬಾಯಿಪ್ರಶ್ನೆ, ಕೊನೆಗೆ ತೋಟದಲ್ಲಿ ಒಂದು ಸುತ್ತು. ಬಾಯಿಪ್ರಶ್ನೆಗೆ ಎಲ್ಲರೂ ಸರಿಯಾಗಿ ಉತ್ತರ ಹೇಳುತ್ತಾರೆ. ಎರಡು ವಾರ ಬಿಟ್ಟು ಅವರು ಹುಡುಕಿ ಮುಗಿಸಿದ ಸಾಲಿನಲ್ಲೇ ನಡೆದರೆ ಹಿಡಿದ ಗಿಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ನಿಂತಿರುತ್ತವೆ, ಏನೂ ಆಗದ ಗಿಡಕ್ಕೆ ಗುರುತು ಬಿದ್ದಿರುತ್ತದೆ. ಗುಂಪಿನಲ್ಲಿ ಕನ್ನಡ, ತಮಿಳು, ಯರವ, ಹಿಂದಿ ಆಡುವವರಿದ್ದಾರೆ. ಓದಲು ಬರುವವರು ಅರ್ಧದಷ್ಟು.

ವರ್ತನಾವಾದ (ಫಲ ಸಿಕ್ಕ ನಡೆ ಗಟ್ಟಿಯಾಗುತ್ತದೆ ಎಂಬುದು), ಜ್ಞಾನಾತ್ಮಕ ಸಿದ್ಧಾಂತ (ತಲೆಯೊಳಗೆ ಮಾಹಿತಿ ಹೇಗೆ ಸಾಗುತ್ತದೆ ಎಂಬುದು), ರಚನಾವಾದ (ಕಲಿಯುವವನು ಅರಿವನ್ನು ತಾನೇ ಕಟ್ಟಿಕೊಳ್ಳುತ್ತಾನೆ ಎಂಬುದು) ಮೂರನ್ನೂ ಓದಿಕೊಂಡದ್ದಾಯಿತು. ಇಂಥ ಕೆಲಸಕ್ಕೆ ಯಾವುದನ್ನು ಆಧಾರವಾಗಿ ಹಿಡಿಯಬೇಕು, ಅದರಿಂದ ಪಾಠದಲ್ಲಿ ನಿಜವಾಗಿ ಏನು ಬದಲಾಗುತ್ತದೆ ಎಂಬುದು ಬೇಕು.

---

ಉತ್ತರ 1: ಪಾಠದ_ನಕ್ಷೆ

ಸಿದ್ಧಾಂತ ಆರಿಸಿಕೊಂಡು ಅದಕ್ಕೆ ಪಾಠ ಹೊಲಿಯಬೇಡಿ. ಮೊದಲು ಕೆಲಸವನ್ನು ಬಿಡಿಸಿ ನೋಡಿ, ಎಲ್ಲಿ ಮುರಿಯುತ್ತಿದೆ ಎಂದು ಕಂಡುಕೊಳ್ಳಿ. ಯಾವ ಸಿದ್ಧಾಂತ ಬೇಕು ಅನ್ನುವುದು ಆ ಜಾಗದಲ್ಲೇ ಗೊತ್ತಾಗುತ್ತದೆ.

ನಿಮ್ಮಲ್ಲಿ ಮುರಿದಿರುವುದು ಒಂದೇ ಕಡೆ. ಕಲಿಕೆಯ ಮನೋವಿಜ್ಞಾನಿ ರಾಬರ್ಟ್ ಗಾನ್ಯೆ 1965ರಲ್ಲೇ ಹೇಳಿದ ವಿಷಯ ಇದು: ಕಲಿಕೆಯ ಫಲಗಳು ಬೇರೆ ಬೇರೆ ಜಾತಿಯವು, ಒಂದೊಂದಕ್ಕೂ ಬೇಕಾದ ಪರಿಸ್ಥಿತಿ ಬೇರೆ. ಬಾಯಲ್ಲಿ ಹೇಳಬಲ್ಲ ಮಾಹಿತಿ ಒಂದು ಜಾತಿ. ಎರಡು ವಸ್ತುಗಳ ನಡುವಿನ ವ್ಯತ್ಯಾಸ ಹಿಡಿಯುವುದು ಇನ್ನೊಂದು. ನೀವು ಕಲಿಸಿದ್ದು ಮೊದಲನೆಯದು, ಪರೀಕ್ಷೆ ಮಾಡಿದ್ದೂ ಮೊದಲನೆಯದೇ. ತೋಟ ಕೇಳುತ್ತಿರುವುದು ಎರಡನೆಯದನ್ನು. "ಕಾಂಡದ ಮೇಲೆ ಉಬ್ಬು ಇರುತ್ತದೆ" ಎಂದು ಹೇಳಬಲ್ಲವನಿಗೆ ಪಾಚಿ ಮೆತ್ತಿದ ಕಾಂಡದ ಮೇಲೆ ಆ ಉಬ್ಬು ಕಾಣುತ್ತದೆ ಎಂಬ ಭರವಸೆಯೇನೂ ಇಲ್ಲ.

ಹಾಗಾಗಿ ಗುರಿಯನ್ನು ಮತ್ತೆ ಬರೆಯಿರಿ. ರಾಬರ್ಟ್ ಮೇಜರ್ 1962ರಲ್ಲಿ ಕೊಟ್ಟ ಅಚ್ಚು ಇಲ್ಲಿಗೆ ಸಾಕು: ಏನು ಮಾಡಬೇಕು, ಎಂಥ ಪರಿಸ್ಥಿತಿಯಲ್ಲಿ, ಎಷ್ಟು ಸರಿಯಾಗಿ. ಉದಾಹರಣೆಗೆ: "ನೆರಳಿನ ತಾಕಿನಲ್ಲಿ 40 ಗಿಡ. 10 ಹಿಡಿದವು, 30 ಚೆನ್ನಾಗಿರುವವು. ಹಿಡಿದ 10ರಲ್ಲಿ ಕನಿಷ್ಠ 9 ಸಿಗಬೇಕು. ಚೆನ್ನಾಗಿರುವ 30ರಲ್ಲಿ 5ಕ್ಕಿಂತ ಹೆಚ್ಚಿಗೆ ಗುರುತು ಬೀಳಬಾರದು." ಹಿಡಿದ 10ರಲ್ಲಿ ಅರ್ಧದಷ್ಟಾದರೂ ಎಲೆ ಇನ್ನೂ ಹಸಿರಾಗಿರುವ ಗಿಡಗಳಾಗಿರಲಿ. ಇಲ್ಲದಿದ್ದರೆ ಜನ ಹಳದಿ ಎಲೆ ನೋಡಿಕೊಂಡೇ ಪಾಸಾಗುತ್ತಾರೆ. ಬೇರು ಕೊಳೆತರೂ ಗೊಬ್ಬರ ಸಾಲದಿದ್ದರೂ ಎಲೆ ಹಳದಿಯಾಗುತ್ತದೆ, ಸುಮ್ಮನೆ ಗುರುತು ಬೀಳುವುದು ಬಹುಪಾಲು ಅಲ್ಲಿಂದಲೇ.

ವ್ಯತ್ಯಾಸ ಹಿಡಿಯುವುದನ್ನು ಹೇಗೆ ಕಲಿಸುವುದು ಎಂಬುದಕ್ಕೆ ಒಂದು ಅಧ್ಯಯನ ನಿಮ್ಮ ಕೆಲಸಕ್ಕೆ ತೀರಾ ಹತ್ತಿರದ್ದು. ಒಂದು ದಿನದ ಕೋಳಿಮರಿ ಹೆಣ್ಣೋ ಗಂಡೋ ಎಂದು ಹೇಳುವುದು ವರ್ಷಗಟ್ಟಲೆ ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ ಎಂಬ ಮಾತಿತ್ತು. ಬೀಡರ್ಮನ್ ಮತ್ತು ಶಿಫ್ರಾರ್ 1987ರಲ್ಲಿ ನುರಿತವರು ಎಲ್ಲಿ ನೋಡುತ್ತಾರೆ, ಯಾವ ಆಕಾರ ನೋಡುತ್ತಾರೆ ಎಂಬುದನ್ನು ಕೇಳಿ ತಿಳಿದು ಒಂದು ಸಣ್ಣ ಸೂಚನೆಯಾಗಿ ಬರೆದರು. ಏನೂ ಗೊತ್ತಿಲ್ಲದವರಿಗೆ ಅದನ್ನು ಕೊಟ್ಟಾಗ ಮರಿಗಳ ಚಿತ್ರ ನೋಡಿ ಅವರು ಹೇಳಿದ ಸರಿಯುತ್ತರ ಶೇ. 60ರ ಆಸುಪಾಸಿನಿಂದ 84ಕ್ಕೆ ಏರಿತು. ನೋಡಬೇಕಾದ ಜಾಗವನ್ನು, ಬೇಕಾದ ಆಕಾರವನ್ನು ಕರಾರುವಾಕ್ಕಾಗಿ ಹೇಳಿಕೊಟ್ಟದ್ದು ಅಷ್ಟು ಕೆಲಸ ಮಾಡಿತು.

ಕಾಂಡಕೊರಕದಲ್ಲಿ ಆ ಆಕಾರ ಯಾವುದು? ಹೊಸಬರು ತೂತು ಹುಡುಕುತ್ತಾರೆ. ತಪ್ಪುವುದು ಅಲ್ಲೇ. ಹುಳು ತಾನು ಕೊರೆದ ಸುರಂಗವನ್ನು ಹಿಂದಿನಿಂದ ತನ್ನದೇ ಹಿಕ್ಕೆ, ಮರದ ಪುಡಿಯಿಂದ ಗಟ್ಟಿಯಾಗಿ ತುಂಬಿಕೊಂಡು ಮುಂದೆ ಹೋಗುತ್ತದೆ. ಹೊರಗೆ ತೂತೂ ಇಲ್ಲ, ಪುಡಿಯೂ ಉದುರುವುದಿಲ್ಲ. ತೂತು ಕಂಡಿತೆಂದರೆ ದುಂಬಿ ಆಗಲೇ ಹೊರಬಿದ್ದು ಹೋಗಿದೆ ಎಂದರ್ಥ. ಹುಳು ತೊಗಟೆಯಡಿ ಓಡಾಡಿದ ದಾರಿಯ ಮೇಲೆ ತೊಗಟೆ ಏರಿ ಬರುತ್ತದೆ, ಕಾಂಡವನ್ನು ಸುತ್ತುವರಿದ ಅಂಕುಡೊಂಕು ಉಬ್ಬುಗೆರೆಯಾಗಿ. ಹುಡುಕಬೇಕಾದ್ದು ಅದನ್ನು, ಮುಖ್ಯ ಕಾಂಡದಲ್ಲಿ ಮತ್ತು ದಪ್ಪ ರೆಕ್ಕೆಗಳ (ಕೊಂಬೆಗಳ) ಬುಡದಲ್ಲಿ.

ಇನ್ನು ಪಾಠದ ಸಾಮಗ್ರಿ. ಮೊಳದುದ್ದದ 30 ಕಾಂಡದ ತುಂಡು ಸಿದ್ಧ ಮಾಡಿ. 15 ಹುಳು ಹಿಡಿದವು. ಉಳಿದ 15 ಹಾಗೆ ಕಾಣುವ ಆದರೆ ಏನೂ ಆಗದವು: ಹಳೆ ಕಸಿಗಾಯ (ರೆಕ್ಕೆ ಸವರಿದ ಗಾಯ) ಮುಚ್ಚಿಕೊಂಡದ್ದು, ಗಂಟು ಇರುವುದು, ಪಾಚಿ ದಪ್ಪಗೆ ಹಿಡಿದದ್ದು, ಕತ್ತಿ ತಾಗಿದ ಗಾಯ. ಈ ಎರಡನೆಯ ಗುಂಪನ್ನು ಹುಡುಕಿ ತರುವುದೇ ಕಷ್ಟದ ಕೆಲಸ, ಪಾಠ ನಿಲ್ಲುವುದೂ ಅದರ ಮೇಲೆಯೇ. ನುಣ್ಣಗಿರುವ ತುಂಡುಗಳನ್ನು ಮಾತ್ರ ಎದುರಿಗಿಟ್ಟರೆ ಜನ ಕಲಿಯುವುದು "ಒರಟು ಇದ್ದರೆ ಹುಳು" ಎಂಬುದನ್ನು.

ಮೊದಲ ಅರ್ಧ ಗಂಟೆ ಜೋಡಿ ಜೋಡಿಯಾಗಿ: ಒಂದು ಹಿಡಿದದ್ದು, ಒಂದು ಹಾಗೆ ಕಾಣುವುದು, ಅಕ್ಕಪಕ್ಕ. ಕಣ್ಣಿಗಿಂತ ಮೊದಲು ಕೈ. ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಇನ್ನೊಂದು ಕಡೆ ಹಿಡಿದು ಕಾಂಡವನ್ನು ಸುತ್ತಿಸಿ. ಗಂಟು ಒಂದೇ ಕಡೆ ತಟ್ಟಿ ನಿಲ್ಲುತ್ತದೆ. ಹುಳುವಿನ ಗೆರೆ ಬೆರಳಡಿ ಮುಂದಕ್ಕೆ ಸಾಗುತ್ತದೆ. ಆಮೇಲೆ ಎಲ್ಲ ತುಂಡುಗಳನ್ನೂ ಬೆರೆಸಿಬಿಡಿ. ಒಬ್ಬರು ಮುಟ್ಟಿ "ಇದೆ" ಅಥವಾ "ಇಲ್ಲ" ಎನ್ನಬೇಕು. ಹೇಳಿದ ಕೂಡಲೇ ಚಾಕುವಿನಿಂದ ಆ ಜಾಗದ ತೊಗಟೆ ಎತ್ತಿ ತೋರಿಸಿ. ಅಡಿಯಲ್ಲಿ ಪುಡಿ ತುಂಬಿದ ಕಂದು ದಾರಿ ಇದ್ದರೆ ಇದೆ, ಬಿಳಿ ಮರ ಕಂಡರೆ ಇಲ್ಲ. ವರ್ತನಾವಾದಿ ಸ್ಕಿನ್ನರ್ 1950ರ ದಶಕದಲ್ಲಿ ಬೋಧನಾ ಯಂತ್ರಗಳಿಗೆ ಬಯಸಿದ್ದೂ ಇದನ್ನೇ, ಉತ್ತರದ ಬೆನ್ನಿಗೇ ಸರಿ-ತಪ್ಪಿನ ಅರಿವು. ತೊಗಟೆ ಎತ್ತಿದ ತುಂಡು ಮತ್ತೆ ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ 30ರ ಬದಲು 60 ತುಂಡು ಇಟ್ಟುಕೊಂಡರೆ ಒಳ್ಳೆಯದು.

ಬೆರೆಸುವುದು ಯಾಕೆ ಎಂದರೆ, ಕಾರ್ನೆಲ್ ಮತ್ತು ಬ್ಯೋರ್ಕ್ 2008ರಲ್ಲಿ 12 ಚಿತ್ರಕಾರರ ಚಿತ್ರಗಳನ್ನು ಒಂದು ಗುಂಪಿಗೆ ಒಬ್ಬೊಬ್ಬರದಾಗಿ ಒಟ್ಟಿಗೆ, ಇನ್ನೊಂದು ಗುಂಪಿಗೆ ಬೆರೆಸಿ ತೋರಿಸಿದರು. ಹೊಸ ಚಿತ್ರ ಕೊಟ್ಟು ಇದು ಯಾರದು ಎಂದು ಕೇಳಿದಾಗ ಬೆರೆಸಿ ನೋಡಿದ್ದೇ ಹೆಚ್ಚು ಫಲ ಕೊಟ್ಟಿತು. ಕಲಿತವರಲ್ಲಿ ಹೆಚ್ಚಿನವರು ಮಾತ್ರ ಒಟ್ಟಿಗೆ ನೋಡಿದ್ದೇ ಚೆನ್ನಾಗಿತ್ತು ಎಂದರು. ನಿಮ್ಮ ಜನರೂ ಬೆರೆಸಿದಾಗ ಕಷ್ಟ ಎನ್ನುತ್ತಾರೆ. ಅದಕ್ಕೆ ಸೋತು ಹಳೆಯ ಕ್ರಮಕ್ಕೆ ಹೋಗಬೇಡಿ.

---

ಉತ್ತರ 2: ಪುಷ್ಪಗಿರಿ_ತಪ್ಪಲು

ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಹುಳು ಹಿಡಿದ ತುಂಡುಗಳನ್ನು ಗೋದಾಮಿನಲ್ಲಿ ಜೋಡಿಸಿಟ್ಟು ಮರೆಯಬೇಡಿ. ಕಡಿದ ಕಾಂಡದೊಳಗೂ ಹುಳು ಬೆಳೆದು ದುಂಬಿಯಾಗಿ ಹೊರಬರುತ್ತದೆ. ಅಕ್ಟೋಬರಿನಿಂದ ಡಿಸೆಂಬರ್ ಹಾರಾಟದ ಕಾಲ, ಅಷ್ಟರೊಳಗೆ ಸುಟ್ಟು ಮುಗಿಸಿರಬೇಕು. ಅಲ್ಲಿಯವರೆಗೆ ಸಣ್ಣ ಕಣ್ಣಿನ ಬಲೆಚೀಲದಲ್ಲಿ ಕಟ್ಟಿಡಿ, ತುಂಡುಗಳನ್ನು ಎಣಿಸಿ ಹೊರಗೆ ಕೊಡಿ, ಎಣಿಸಿ ಒಳಗೆ ತೆಗೆದುಕೊಳ್ಳಿ.

ಈಗ ಸ್ಲೈಡುಗಳ ವಿಷಯ. ಹೊಸ ವಿಷಯ ತಲೆಗೆ ಹೋಗುವಾಗ ದಾಟಬೇಕಾದ ಕಾರ್ಯಸ್ಮೃತಿ (ಆ ಕ್ಷಣಕ್ಕೆ ಮನಸ್ಸು ಹಿಡಿದಿಟ್ಟುಕೊಳ್ಳುವ ಜಾಗ) ಬಹಳ ಇಕ್ಕಟ್ಟಾದದ್ದು. ಜಾರ್ಜ್ ಮಿಲ್ಲರ್ 1956ರಲ್ಲಿ ಅಲ್ಲಿ ಒಮ್ಮೆಗೆ ಹಿಡಿಯುವ ಸಂಗತಿಗಳು ಏಳರ ಆಸುಪಾಸು ಅಂದರು, ನೆಲ್ಸನ್ ಕವನ್ 2001ರಲ್ಲಿ ಅದನ್ನು ನಾಲ್ಕರ ಹತ್ತಿರಕ್ಕೆ ಇಳಿಸಿದರು. ಜಾನ್ ಸ್ವೆಲ್ಲರ್ 1988ರಿಂದ ಬೆಳೆಸಿದ ಜ್ಞಾನಾತ್ಮಕ ಹೊರೆಯ ಸಿದ್ಧಾಂತ ನಿಂತಿರುವುದು ಈ ಇಕ್ಕಟ್ಟಿನ ಮೇಲೆಯೇ. ಒಂದೂವರೆ ಗಂಟೆಯ ಜೀವನಚಕ್ರದಿಂದ ಹುಡುಕುವವನ ಕೈಗೆ ಬೇಕಾದ್ದು ಎರಡೇ ಮಾತು. ಮೊದಲನೆಯದು, ದುಂಬಿ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ ಹಾರುತ್ತದೆ, ಅದಕ್ಕೇ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹುಡುಕಿ ತೆಗೆಯುವುದು. ಎರಡನೆಯದು, ಅದಕ್ಕೆ ಬಿಸಿಲು ಇಷ್ಟ, ಆದ್ದರಿಂದ ನೆರಳು ತೆಳುವಾದ ಜಾಗ, ರಸ್ತೆಯಂಚು, ಮರ ಬಿದ್ದು ತೆರೆದುಕೊಂಡ ಕಡೆ ಹೆಚ್ಚು ನಿಧಾನವಾಗಿ ನೋಡಬೇಕು. ಸುಣ್ಣದ ಪ್ರಮಾಣ, ಬಲೆ ಇವೆಲ್ಲ ಬೇರೆಯವರ ಬೇರೆ ದಿನದ ಕೆಲಸ, ಈ ಪಾಠದಿಂದ ತೆಗೆದುಬಿಡಿ.

ಭಾಷೆ. ಒಂದೊಂದು ವಾಕ್ಯವನ್ನೂ ನಾಲ್ಕು ಭಾಷೆಯಲ್ಲಿ ಹೇಳುತ್ತಾ ಹೋದರೆ ಕೇಳುವವನ ಮುಕ್ಕಾಲು ಹೊತ್ತು ತನಗೆ ತಿಳಿಯದ ಮಾತನ್ನು ಕೇಳುವುದರಲ್ಲೇ ಕಳೆಯುತ್ತದೆ. ಐದೋ ಆರೋ ಜನರ ಗುಂಪು ಮಾಡಿ, ಗುಂಪಿಗೆ ಒಂದು ಭಾಷೆ. ಉಬ್ಬುಗೆರೆಗೆ ಆ ಗುಂಪು ಯಾವ ಪದ ಬಳಸುತ್ತದೆ ಎಂದು ಮೊದಲೇ ಕೇಳಿಕೊಂಡು ಕೊನೆಯವರೆಗೂ ಅದೊಂದನ್ನೇ ಬಳಸಿ. ಬೆಳಿಗ್ಗೆ "ಗೆರೆ", ಮಧ್ಯಾಹ್ನ "ಗಂಟು", ಸಂಜೆ "ಬಾವು" ಅಂದರೆ ಮೂರು ಬೇರೆ ಲಕ್ಷಣಗಳೆಂದೇ ಅರ್ಥವಾಗುತ್ತದೆ. ಕೈಯಲ್ಲಿ ತುಂಡು ಇರುವಾಗ ಮಾತು ಬೇಕು, ಬರಹ ಬೇಡ. ಚಿತ್ರ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಇದ್ದರೆ ಓದಬಲ್ಲವರಿಗೂ ಕಣ್ಣು ಅತ್ತಿತ್ತ ಓಡಿಸುವುದೇ ಒಂದು ಕೆಲಸವಾಗುತ್ತದೆ.

"ಇವರು ಕಣ್ಣಿನಿಂದ ಕಲಿಯುವವರು, ಅವರು ಕಿವಿಯಿಂದ ಕಲಿಯುವವರು" ಎಂದು ಜನರನ್ನು ವಿಂಗಡಿಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಆ ಬಗ್ಗೆ ಇದ್ದ ಪುರಾವೆ ತಡಕಿದಾಗ, ಕಲಿಯುವ ಶೈಲಿಗೆ ತಕ್ಕಂತೆ ಪಾಠ ಹೊಂದಿಸುವುದರಿಂದ ಲಾಭವಿದೆ ಎನ್ನಲು ಸಾಕಾಗುವಷ್ಟು ಸಿಗಲಿಲ್ಲ. ಉಬ್ಬನ್ನು ಎಲ್ಲರೂ ಬೆರಳಿನಿಂದಲೇ ಕಲಿಯಬೇಕು, ಉಬ್ಬು ಇರುವ ರೀತಿ ಅಂಥದ್ದು.

ಹಳಬರನ್ನೂ ಹೊಸಬರನ್ನೂ ಒಂದೇ ಪಾಠಕ್ಕೆ ಕೂರಿಸಬೇಡಿ. ಹೊಸಬರಿಗೆ ನೆರವಾಗುವ ಬಿಡಿ ಬಿಡಿ ವಿವರಣೆ ಬಲ್ಲವರಿಗೆ ತೊಡಕಾಗುತ್ತದೆ ಎಂಬುದನ್ನು ಕಲ್ಯೂಗ ಮತ್ತು ಜೊತೆಗಾರರು 2003ರಲ್ಲಿ ವಿವರವಾಗಿ ಬರೆದಿದ್ದಾರೆ. ಬೆಳಿಗ್ಗೆಯೇ 10 ತುಂಡು ಕೊಟ್ಟು ನೋಡಿ. 9 ಸರಿ ಹೇಳಿದವರನ್ನು ಜೋಡಿ ಪಾಠಕ್ಕೆ ಕೂರಿಸದೆ ನೇರ ತೋಟಕ್ಕೆ ಕಳಿಸಿ.

ಮೇಸ್ತ್ರಿಗಳದು ಬೇರೆಯೇ ಪಾಠ. ಅವರು ತೀರ್ಮಾನ ಮಾಡಬೇಕು: ಬುಡದಲ್ಲಿ ಕತ್ತರಿಸಿದರೆ ಸಾಕೇ, ಬೇರುಸಹಿತ ಕೀಳಬೇಕೇ? ಇದಕ್ಕೆ ಬಿಡಿಸಿದ ಉದಾಹರಣೆಗಳು (ಹಂತ ಹಂತವಾಗಿ ಪೂರ್ತಿ ಮಾಡಿ ತೋರಿಸಿದವು) ಸರಿ. ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತದಲ್ಲಿ ತೋರಿಸಿದ್ದು ಅದನ್ನೇ. ಮೊದಲ ಗಿಡದಲ್ಲಿ ನೀವೇ ಕತ್ತರಿಸಿ, ಕಡಿತದ ಮುಖ ತೋರಿಸಿ, ಪೂರ್ತಿ ಹೇಳಿ: "ಇಲ್ಲಿ ಸುರಂಗದ ಬಾಯಿ ಕಾಣುತ್ತಿದೆ, ಅಂದರೆ ಹುಳು ಇನ್ನೂ ಕೆಳಗಿಳಿದಿದೆ, ಕೀಳಬೇಕು." ಎರಡನೆಯದರಲ್ಲಿ ಕತ್ತರಿಸುವವರೆಗೆ ನೀವು, ತೀರ್ಮಾನ ಅವರದು. ಮೂರನೆಯದರಲ್ಲಿ ಎಲ್ಲವೂ ಅವರದೇ. ನಾಲ್ಕೈದು ಗಿಡದಲ್ಲಿ ನೀವು ಹಿಂದೆ ಸರಿದು ನಿಲ್ಲಬಹುದು.

---

ಉತ್ತರ 3: ಲೈನ್‌ಮನೆ_ಶಾಲೆ

ತುಂಡುಗಳ ಅಭ್ಯಾಸವನ್ನು ನಾನು ಒಪ್ಪುತ್ತೇನೆ, ಆದರೆ ಅದು ಎರಡು ಗಂಟೆ ದಾಟಬಾರದು. ಮೇಜಿನ ಮೇಲಿನ ತುಂಡು ಗಿಡವಲ್ಲ. ತೋಟದಲ್ಲಿ ಇಳಿಜಾರಿದೆ, ಒದ್ದೆ ಇದೆ, ಜಿಗಣೆ ಇದೆ, ರೆಕ್ಕೆಗಳು ನೆಲದವರೆಗೆ ಇಳಿದಿರುತ್ತವೆ. ಬಗ್ಗಿ ಕೈ ಒಳಗೆ ಹಾಕದೆ ಬುಡ ಸಿಗುವುದಿಲ್ಲ. ಗಿಡ ತಪ್ಪಿಹೋಗುವುದಕ್ಕೆ ಗುರುತು ತಿಳಿಯದಿರುವುದು ಒಂದು ಕಾರಣವಾದರೆ, ಬುಡವನ್ನು ಮುಟ್ಟದೇ ಮುಂದಿನ ಗಿಡಕ್ಕೆ ಹೋಗುವುದು ಇನ್ನೊಂದು. ಎರಡನ್ನೂ ಬೇರೆ ಮಾಡಿ ನೋಡದಿದ್ದರೆ ತರಬೇತಿಯಿಂದ ಸರಿಹೋಗದ ತೊಂದರೆಗೆ ಮತ್ತೆ ಮತ್ತೆ ತರಬೇತಿ ಕೊಡುತ್ತಿರುತ್ತೀರಿ.

ಮಳೆಗಾಲ ಕಳೆದ ಸೆಪ್ಟೆಂಬರಿನಲ್ಲಿ ಕಾಂಡದ ತುಂಬ ಪಾಚಿ. ಆದ್ದರಿಂದ ಕ್ರಮವನ್ನು ಹೀಗೆ ಕಟ್ಟಿ: ರೆಕ್ಕೆ ಎತ್ತು, ನಾರಿನ ಕೈಗವಸಿನಿಂದ ಅಥವಾ ತೆಂಗಿನ ಸಿಪ್ಪೆಯಿಂದ ಕಾಂಡ ಉಜ್ಜು, ಬರಿಗೈಯಿಂದ ಬುಡದಿಂದ ಮೇಲಕ್ಕೆ ಸುತ್ತಿಸು, ದಪ್ಪ ರೆಕ್ಕೆಯ ಬುಡ ಮುಟ್ಟು, ಅನುಮಾನ ಬಂದರೆ ಗುರುತಿನ ಪಟ್ಟಿ ಕಟ್ಟು. ಕತ್ತಿಯಿಂದ ಕೆರೆಯುವುದು ಬೇಡ, ಗಾಯವಾಗುತ್ತದೆ. ಉಜ್ಜುವುದು ಹೇಗೂ ಮಾಡಲೇಬೇಕಾದ ಕೆಲಸ, ದುಂಬಿ ಮೊಟ್ಟೆ ಇಡುವುದು ತೊಗಟೆಯ ಬಿರುಕುಗಳಲ್ಲಿ.

ಹೊಸಬರನ್ನು ಎಲ್ಲಿಂದ ಶುರು ಮಾಡಿಸಬೇಕು ಎಂಬುದಕ್ಕೆ ಲೇವ್ ಮತ್ತು ವೆಂಗರ್ 1991ರಲ್ಲಿ ಬರೆದ ಲೈಬೀರಿಯಾದ ದರ್ಜಿಗಳ ಉದಾಹರಣೆ ನೋಡಿ. ಅಲ್ಲಿ ಕಲಿಯುವವನು ಬಟ್ಟೆ ಕತ್ತರಿಸುವುದರಿಂದ ಶುರು ಮಾಡುವುದಿಲ್ಲ. ಗುಂಡಿ, ಅಂಚು ಮುಂತಾದ ಕೊನೆಯ ಕೆಲಸದಿಂದ ಶುರು ಮಾಡಿ, ಹೊಲಿಗೆಗೆ ಬಂದು, ಕತ್ತರಿಸುವುದನ್ನು ಕೊನೆಯಲ್ಲಿ ಕಲಿಯುತ್ತಾನೆ. ಮೊದಲ ಕೆಲಸಗಳಲ್ಲಿ ತಪ್ಪಾದರೂ ನಷ್ಟ ಸಣ್ಣದು, ಜೊತೆಗೆ ಪೂರ್ತಿ ಉಡುಪು ಹೇಗಿರುತ್ತದೆ ಎಂಬುದು ಕೈಗೆ ತಿಳಿದಿರುತ್ತದೆ. ಇಲ್ಲೂ ಅದನ್ನೇ ಮಾಡಬಹುದು. ಹೊಸಬರನ್ನು ಮೊದಲ ಎರಡು ದಿನ ಕಿತ್ತ ಗಿಡ ಹೊರುವ, ಸೀಳುವ, ಸುಡುವ ಗುಂಪಿಗೆ ಹಾಕಿ. ಪ್ರತಿಯೊಬ್ಬರೂ 20 ಕಾಂಡ ಸೀಳಲಿ. ಸೀಳುವ ಮುಂಚೆ ಹೊರಗಿನಿಂದ ಮುಟ್ಟಿ "ದಾರಿ ಇಲ್ಲಿದೆ" ಎಂದು ಬೆರಳಿಟ್ಟು ತೋರಿಸಬೇಕು, ಆಮೇಲೆ ಕತ್ತಿ. ಒಳಗಿನ ಸುರಂಗಕ್ಕೂ ಹೊರಗಿನ ಉಬ್ಬಿಗೂ ಇರುವ ನಂಟು 20 ಸಲ ಕೈಯಲ್ಲಿ ಕೂತಮೇಲೆ ಹುಡುಕುವ ಸಾಲಿಗೆ ಬಂದರೆ ಹತ್ತು ಸ್ಲೈಡಿಗಿಂತ ಹೆಚ್ಚು ಗೊತ್ತಿರುತ್ತದೆ.

ಆಮೇಲೆ ಜೋಡಿ: ಒಬ್ಬ ಹಳಬ, ಒಬ್ಬ ಹೊಸಬ. ಹಳಬರು ನೋಡಿದ ತಕ್ಷಣ ಹೇಳಿಬಿಡುತ್ತಾರೆ, ಯಾಕೆ ಎಂದು ಹೇಳುವುದಿಲ್ಲ. ಕಾಲಿನ್ಸ್, ಬ್ರೌನ್, ನ್ಯೂಮನ್ 1989ರಲ್ಲಿ ಜ್ಞಾನಾತ್ಮಕ ಶಿಷ್ಯವೃತ್ತಿ ಎಂದು ಕರೆದದ್ದರ ತಿರುಳು ಇಲ್ಲಿದೆ: ನುರಿತವನ ತಲೆಯೊಳಗೆ ನಡೆಯುವುದು ಕಲಿಯುವವನಿಗೆ ಕೇಳಿಸಬೇಕು. ಹಳಬರಿಗೆ ಒಂದೇ ನಿಯಮ ಕೊಡಿ: ಪ್ರತಿ ಹತ್ತನೆಯ ಗಿಡದಲ್ಲಿ ಏನು ಮುಟ್ಟಿದೆ, ಯಾಕೆ "ಇಲ್ಲ" ಅಂದೆ ಎಂದು ಜೋರಾಗಿ ಹೇಳಬೇಕು. "ಇದೆ" ಅನ್ನುವುದಕ್ಕೆ ಕಾರಣ ಎಲ್ಲರೂ ಹೇಳುತ್ತಾರೆ. ಹೊಸಬರು ಹೆಚ್ಚು ಕಲಿಯುವುದು "ಇಲ್ಲ" ಅನ್ನುವುದರ ಕಾರಣದಿಂದ.

ಕೂಲಿಯ ಲೆಕ್ಕವೂ ಪಾಠವೇ. ಸಾಲು ಬೇಗ ಮುಗಿಸಿದವರಿಗೆ ಮೆಚ್ಚುಗೆ ಸಿಕ್ಕರೆ ಬುಡ ಮುಟ್ಟದೆ ನಡೆಯುವುದನ್ನು ಅವರು ಕಲಿಯುತ್ತಾರೆ. ಗುರುತಿಸಿದ ಗಿಡಕ್ಕೆ ಇಷ್ಟು ಎಂದು ಕೊಟ್ಟರೆ ಎಲ್ಲ ಗಿಡಕ್ಕೂ ಪಟ್ಟಿ ಬೀಳುತ್ತದೆ. ಫಲ ಸಿಕ್ಕ ನಡೆ ಗಟ್ಟಿಯಾಗುತ್ತದೆ ಎಂದು ಮನೋವಿಜ್ಞಾನಿ ಥಾರ್ನ್‌ಡೈಕ್ ಹೇಳಿ ನೂರು ವರ್ಷ ದಾಟಿತು. ನೀವು ಒಂದು ದಿನ ಕಲಿಸಿದ್ದನ್ನು ಕೂಲಿಪಟ್ಟಿ ಉಳಿದ ಇಪ್ಪತ್ತು ದಿನ ಅಳಿಸುತ್ತಿರುತ್ತದೆ.

---

ಅರೇಬಿಕಾ_ಸಾಲು

ಎಲ್ಲರಿಗೂ ಧನ್ಯವಾದ. ಜೀವನಚಕ್ರದ ಸ್ಲೈಡುಗಳನ್ನು ತೆಗೆದಾಯಿತು. ಎರಡು ವಿಷಯ ಉಳಿದಿವೆ. ಸರಿಯಾಗಿ ಕಲಿತಿದ್ದಾರೋ ಇಲ್ಲವೋ ಎಂದು ಲೆಕ್ಕ ಹಾಕುವುದು ಹೇಗೆ, ಬರೀ ಶೇಕಡಾ ಸಾಕೇ? ಇನ್ನೊಂದು, ಸೆಪ್ಟೆಂಬರಿನಲ್ಲಿ ಕಲಿತದ್ದು ಮಾರ್ಚಿಗೆ ಉಳಿಯಬೇಕು. ನಡುವೆ ಹಣ್ಣು ಕೊಯ್ಲು, ಆರು ತಿಂಗಳು ಯಾರೂ ಬುಡ ಮುಟ್ಟುವುದಿಲ್ಲ.

---

ಉತ್ತರ 4: ಪಾಠದ_ನಕ್ಷೆ

ಬರೀ ಶೇಕಡಾ ಮೋಸ ಮಾಡುತ್ತದೆ. 100 ಗಿಡದಲ್ಲಿ 10 ಹಿಡಿದಿವೆ ಅಂದುಕೊಳ್ಳಿ. ಒಂದಕ್ಕೂ ಪಟ್ಟಿ ಕಟ್ಟದೆ ನಡೆದುಹೋದವನು 90 ಗಿಡಕ್ಕೆ ಸರಿ, ಶೇ. 90. ಹಿಡಿದ 10ರಲ್ಲಿ 8 ಗುರುತಿಸಿ, ಜೊತೆಗೆ 20 ಒಳ್ಳೆ ಗಿಡಕ್ಕೂ ಕಟ್ಟಿದವನು ಶೇ. 78. ತೋಟಕ್ಕೆ ಉಪಯೋಗ ಎರಡನೆಯವನಿಂದ. ಹಾಗಾಗಿ ಎರಡು ಅಂಕಣ ಇಡಿ: ಹಿಡಿದವುಗಳಲ್ಲಿ ಎಷ್ಟು ಸಿಕ್ಕಿತು, ಒಳ್ಳೆಯವುಗಳಲ್ಲಿ ಎಷ್ಟಕ್ಕೆ ಸುಮ್ಮನೆ ಗುರುತು ಬಿತ್ತು. ಎರಡೂ ಕೆಟ್ಟಿದ್ದರೆ ಗುರುತು ತಿಳಿದಿಲ್ಲ, ಮತ್ತೆ ತುಂಡುಗಳ ಅಭ್ಯಾಸ. ಸಿಕ್ಕಿದ್ದು ಕಡಿಮೆ, ಸುಮ್ಮನೆ ಬಿದ್ದ ಗುರುತೂ ಕಡಿಮೆ ಎಂದರೆ ಹೆದರಿ ಬಿಡುತ್ತಿದ್ದಾರೆ ಅಥವಾ ಬುಡ ಮುಟ್ಟುತ್ತಿಲ್ಲ. ಜೊತೆಗೆ ನಡೆದು ಕೈ ಎಲ್ಲಿಗೆ ಹೋಗುತ್ತದೆ ನೋಡಬೇಕು. ಎರಡೂ ಹೆಚ್ಚಿದ್ದರೆ ಗಾಬರಿ ಬೇಡ. ಬಿಟ್ಟುಹೋದ ಒಂದು ಗಿಡದಿಂದ ದುಂಬಿ ಹೊರಟು ಸುತ್ತಲಿನ ಗಿಡಗಳಿಗೆ ಹೋಗುತ್ತದೆ. ಸುಮ್ಮನೆ ಕಟ್ಟಿದ ಪಟ್ಟಿಯನ್ನು ಮೇಸ್ತ್ರಿ ಎರಡನೆಯ ಸಲ ಮುಟ್ಟಿ ಬಿಚ್ಚಬಹುದು. ಅದಕ್ಕೇ ಕೆಲಸಗಾರರು ಅನುಮಾನಕ್ಕೂ ಕಟ್ಟಲಿ, ಕಡಿಯುವ ತೀರ್ಮಾನ ಮೇಸ್ತ್ರಿಯದಾಗಿರಲಿ. ಈ ಎರಡು ಹಂತ ಇಲ್ಲದೆ "ಅನುಮಾನವಿದ್ದರೂ ಕಟ್ಟಿ" ಎಂದು ಕಲಿಸಿದರೆ ಒಳ್ಳೆ ಗಿಡ ಬೀಳುತ್ತದೆ.

ಅಳೆಯುವುದು ತರಬೇತಿಯ ಸಂಜೆ ಒಂದು ಸಲ, ಎರಡು ವಾರ ಬಿಟ್ಟು ಅವರು ಮುಗಿಸಿದ ಸಾಲಿನಲ್ಲಿ ಒಬ್ಬೊಬ್ಬರದು 20 ಗಿಡ ಮರುತಪಾಸಣೆ ಇನ್ನೊಂದು ಸಲ. ತರಬೇತಿಯ ಫಲ ಅಳೆಯುವ ಕರ್ಕ್‌ಪ್ಯಾಟ್ರಿಕ್‌ರ ನಾಲ್ಕು ಮಟ್ಟಗಳಲ್ಲಿ ಮೊದಲನೆಯದು ತರಬೇತಿ ಮುಗಿದಾಗ ಕೇಳುವ "ಹೇಗಿತ್ತು?" ಪ್ರಶ್ನೆ. ಈ ಮರುತಪಾಸಣೆ ಮೂರನೆಯದು, ಅಂದರೆ ಕೆಲಸದಲ್ಲಿ ನಡೆ ಬದಲಾಯಿತೇ ಎಂಬುದು. ಎರಡೂ ಅಂಕಣದ ಲೆಕ್ಕ ಜನರಿಗೂ ತಿಳಿಯಲಿ, ಅದೇ ದಿನ, ಅದೇ ಗಿಡದ ಮುಂದೆ.

ಮಾರ್ಚಿನ ವಿಷಯ. ಮರೆವು ಮೊದಲ ದಿನಗಳಲ್ಲೇ ಕಡಿದಾಗಿ ಇಳಿಯುತ್ತದೆ ಎಂದು ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದರು. ಅದಕ್ಕೆ ಮತ್ತೆ ಹೇಳಿಕೊಡುವುದಕ್ಕಿಂತ ಮತ್ತೆ ಕೇಳುವುದು ಮೇಲು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪಠ್ಯಭಾಗ ಕೊಟ್ಟು ನೋಡಿದಾಗ, ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಶೇ. 42, ಒಂದು ಸಲ ಓದಿ ಒಂದು ಸಲ ತಾವೇ ನೆನಪಿಸಿಕೊಂಡವರಿಗೆ ಶೇ. 56. ಆದ್ದರಿಂದ ಹಾಜರಿಯ ಹತ್ತು ನಿಮಿಷದಲ್ಲಿ ಭಾಷಣ ಬೇಡ. ಚೀಲದಿಂದ ನಾಲ್ಕು ತುಂಡು, ನಾಲ್ಕು ಜನ, "ಇದೆಯೋ ಇಲ್ಲವೋ", ತೊಗಟೆ ಎತ್ತಿ ತೋರಿಸಿ, ಮುಗಿಯಿತು. ಮರುದಿನ, ನಾಲ್ಕನೆಯ ದಿನ, ಎರಡನೆಯ ವಾರ, ಆಮೇಲೆ ತಿಂಗಳಿಗೊಮ್ಮೆ. ಕೊಡಗಿನ ಕೈಲ್‌ಪೋದ್ ಹಬ್ಬದ ರಜೆ ಸೆಪ್ಟೆಂಬರ್ 3ಕ್ಕೆ ಬರುವುದರಿಂದ ತರಬೇತಿಯನ್ನು ಅದರ ಹಿಂದಿನ ದಿನ ಇಡಬೇಡಿ, ಮೊದಲ ಮರುಪರೀಕ್ಷೆ ತಪ್ಪಿಹೋಗುತ್ತದೆ.

ಕೊಯ್ಲಿನ ತಿಂಗಳುಗಳಲ್ಲಿ ಹುಳುವಿನ ತುಂಡು ಇಟ್ಟುಕೊಳ್ಳುವಂತಿಲ್ಲ, ಪುಷ್ಪಗಿರಿ_ತಪ್ಪಲು ಹೇಳಿದ ಕಾರಣಕ್ಕೆ. ಸುಡುವ ಮೊದಲೇ ಒಳ್ಳೆಯ ಹನ್ನೆರಡು ಉಬ್ಬುಗಳನ್ನೂ ಹನ್ನೆರಡು ಗಂಟುಗಳನ್ನೂ ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ಅಚ್ಚು ತೆಗೆದುಕೊಳ್ಳಿ: ಮಿದುವಾದ ಜೇಡಿಮಣ್ಣಿನ ಹಲಗೆಯ ಮೇಲೆ ಕಾಂಡವನ್ನು ಒತ್ತಿ ಉರುಳಿಸಿ, ಆ ಕುಳಿಗೆ ಸುರಿದು, ಒಣಗಿದ ಮೇಲೆ ಹಿಂದೆ ಸಂಖ್ಯೆ ಬರೆಯಿರಿ. ಬಣ್ಣ ಬೇಡ. ಬಟ್ಟೆಚೀಲದೊಳಗೆ ಕೈ ಹಾಕಿ, ಕಣ್ಣಿನ ನೆರವಿಲ್ಲದೆ ಮುಟ್ಟಿ ಹೇಳಬೇಕು. ಮಾರ್ಚಿನ ಮೊದಲ ದಿನ ಹೊಸ ಪಾಠ ಶುರು ಮಾಡುವ ಮುಂಚೆ ಆ 24 ಅಚ್ಚುಗಳನ್ನು ಎಲ್ಲರಿಗೂ ಕೊಟ್ಟು ನೋಡಿ. ಯಾರಿಗೆ ಪೂರ್ತಿ ಪಾಠ ಬೇಕು, ಯಾರು ನೇರ ಸಾಲಿಗೆ ಹೋಗಬಹುದು ಎಂಬುದು ಒಂದು ಗಂಟೆಯೊಳಗೆ ಗೊತ್ತಾಗುತ್ತದೆ.